ಎಂಜಿನ್ ಇಳಿಸಲೇಬೇಕು ಅಂದರು, ನಾನು ಫಿಲ್ಟರ್ ಕೊಯ್ದು ನೋಡಿದೆ

ನನ್ನ ಭಾಮೈದನ ಹಳೆ ಸ್ವಿಫ್ಟ್ ಪೆಟ್ರೋಲ್ ಈಗ ದಿನಾ ರಾಜಾಜಿನಗರದಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗಿ ಬರ್ತಿದೆ. ಹೋದ ದಸರಾ ಹೊತ್ತಿಗೆ ಇದೇ ಗಾಡಿಗೆ ಎರಡು ಗ್ಯಾರೇಜಿನವರು ಚೇಂಬರ್ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲೋ ತೊಟ್ಟಿ) ಕೂಡ ಬಿಚ್ಚದೆ 'ಎಂಜಿನ್ ಇಳಿಸಲೇಬೇಕು, 70 ಸಾವಿರದ ಮೇಲಾಗುತ್ತೆ' ಅಂದಿದ್ದರು. ಮಾವನವರೂ ಅವರ ಮಾತನ್ನೇ ನಂಬಿದ್ದರು. ಇಳಿಸದೆ ಹೇಗೆ ತೀರ್ಮಾನಕ್ಕೆ ಬಂದೆ ಅನ್ನೋದನ್ನ ಮನೆಯಲ್ಲೇ ಆಯಿಲ್ ಬದಲಿಸುವವರಿಗಾಗಿ ಬರೀತಿದ್ದೀನಿ.

ಆಗಿದ್ದು ಇಷ್ಟು. ಹುಡುಗ ಆಯಿಲ್ ತಾನೇ ಬದಲಿಸಿದ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸ ಫಿಲ್ಟರ್ ಕೂತಿತು. ಎರಡು ರಿಂಗ್ ಒಂದರ ಮೇಲೊಂದು. ಐಡಲ್‌ನಲ್ಲಿ, ಅಂದ್ರೆ ಗಾಡಿ ನಿಂತಲ್ಲೇ ಎಂಜಿನ್ ಓಡ್ತಿರುವಾಗ, ಒಂದು ಹನಿಯೂ ಸೋರಲ್ಲ, ಹಾಗಾಗಿ ಎಲ್ಲ ಸರಿಯಿದೆ ಅನ್ಸುತ್ತೆ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ವೇಗ ಹಿಡಿದಾಗ ಪ್ರೆಷರ್ ಏರಿ ರಿಂಗ್ ಜಾರಿತು, ಆಯಿಲ್ ಸೋರಿ ಆಯಿಲ್ ಪ್ರೆಷರಿನ ಕೆಂಪು ದೀಪ ಹತ್ತಿತು. 'ಭಾವ, ಲೈಟ್ ಬಂದಮೇಲೆ ಎರಡೇ ಕಿಲೋಮೀಟರ್ ಓಡಿಸಿದ್ದು' ಅಂದ. ಆ ದೀಪ ಮುಂಚೆಯೇ ಎಚ್ಚರಿಸೋ ದೀಪ ಅಲ್ಲ, ಪ್ರೆಷರ್ ಹೆಚ್ಚುಕಮ್ಮಿ ಪೂರ್ತಿ ಬಿದ್ದಮೇಲೇ ಹತ್ತೋದು. ಬಸಿದಾಗ ಚೇಂಬರಿನಲ್ಲಿ ಉಳಿದಿದ್ದ ಆಯಿಲ್ ಒಂದು ಲೀಟರ್ ಇತ್ತೋ ಇಲ್ಲವೋ.

ಮೊದಲು ಹಳೆ ರಿಂಗ್ ಕಿತ್ತು, ಹೊಸ ಫಿಲ್ಟರ್, ಮ್ಯಾನುಯಲ್ ಹೇಳಿದ ಗ್ರೇಡಿನ ಆಯಿಲ್ 3 ಲೀಟರ್ ಚಿಲ್ಲರೆ ಹಾಕಿದೆ. ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚು ಅಂತ ಸಲಹೆ ಕೊಟ್ಟವರು ಬಹಳ ಜನ. ಬೇಡ. ದಪ್ಪ ಆಯಿಲ್ ಪ್ರೆಷರನ್ನ ಸುಳ್ಳು ಹೇಳಿಸುತ್ತೆ, ಆಮೇಲೆ ಯಾವ ಅಳತೆಯನ್ನೂ ನಂಬೋ ಹಾಗಿಲ್ಲ.

ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಎಸ್‌ಪಿ ರೋಡಿನಲ್ಲಿ ಸುಮಾರು 1,200 ರೂಪಾಯಿಗೆ ಸಿಕ್ಕಿತು. ಪ್ಲಗ್ ನಾಲ್ಕೂ ತೆಗೆದು, ಫ್ಯೂಯೆಲ್ ಪಂಪ್ ಫ್ಯೂಸ್ ಕಿತ್ತು, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡೋದು ನಿಮಗೆ ಗೊತ್ತೇ ಇದೆ. ನಾಲ್ಕೂ ಸಿಲಿಂಡರ್ 165ರಿಂದ 175 ಪಿಎಸ್‌ಐ (ಒತ್ತಡದ ಅಳತೆ) ಒಳಗೆ ಬಂದವು. ಮ್ಯಾನುಯಲ್‌ಗಿಂತ ಕಡಿಮೆ ಅಂತ ಹುಡುಗ ಹೆದರಿದ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ, ಗೇಜ್ ಕೂಡ ಅಷ್ಟೇ ಕಡಿಮೆ ತೋರಿಸುತ್ತೆ. ಈ ಲೆಕ್ಕ ಬಿಟ್ಟು ಎಷ್ಟು ಒಳ್ಳೆ ಎಂಜಿನ್‌ಗಳು ಈ ಊರಲ್ಲಿ ಸುಮ್ಮನೆ ಬಿಚ್ಚಿಸಿಕೊಂಡಿವೆಯೋ! ನೋಡಬೇಕಾದ್ದು ಸಿಲಿಂಡರಿಗೂ ಸಿಲಿಂಡರಿಗೂ ಇರೋ ವ್ಯತ್ಯಾಸವನ್ನ.

ಆದರೆ ಕಂಪ್ರೆಷನ್ ಹೇಳೋದು ಪಿಸ್ಟನ್ ರಿಂಗ್, ವಾಲ್ವ್ ಕಥೆ ಮಾತ್ರ. ಆಯಿಲ್ ಇಲ್ಲದೆ ಓಡಿದರೆ ಮೊದಲು ಪೆಟ್ಟು ಬೀಳೋದು ಕ್ರ್ಯಾಂಕ್ ಶಾಫ್ಟ್ ಕೂತು ತಿರುಗೋ ಬೇರಿಂಗಿಗೆ. ಅದನ್ನ ತಿಳಿಯೋಕೆ ಆ ಕೆಂಪು ದೀಪ ಹತ್ತಿಸೋ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಆಯಿಲ್ ಪ್ರೆಷರ್ ಮೀಟರ್ ಹಾಕಬೇಕು. ನನಗೆ ಜಾಸ್ತಿ ಹೊತ್ತು ತಿಂದಿದ್ದು ಇದೇ. ಮೀಟರ್ ಕಿಟ್ಟಿನ ಅಡಾಪ್ಟರ್ ಎನ್‌ಪಿಟಿ (ಅಮೆರಿಕದ ಅಳತೆ), ಇಂಚಿಗೆ 27 ಮರೆ (ತಿರುಪಿನ ಸುತ್ತು). ಜಪಾನೀ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಬರೋದು ಬಿಎಸ್‌ಪಿಟಿ (ಬ್ರಿಟಿಷ್ ಅಳತೆ), 28 ಮರೆ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತೆ. ಅಲ್ಲೇ ನಿಲ್ಲಿಸಿದೆ, ಒತ್ತಿದ್ದರೆ ಬ್ಲಾಕಿನ ಮರೆಯೇ ಹೋಗ್ತಿತ್ತು. ಟೇಪ್ ಸುತ್ತಿ ನೋಡಿದೆ, ಸೋರಿತು. ಜೆಸಿ ರೋಡ್ ಪೂರ್ತಿ ಸುತ್ತಿದರೂ ಸಿಗಲಿಲ್ಲ. ಕೊನೆಗೆ ಪೀಣ್ಯದಲ್ಲಿ ಒಬ್ಬರು ಲೇತ್‌ನಲ್ಲಿ ಹಿತ್ತಾಳೆಯದ್ದು ಮಾಡಿಕೊಟ್ಟರು, 300 ರೂಪಾಯಿ ಇರಬೇಕು. ಫ್ಯಾನ್ ತಿರುಗೋವರೆಗೆ ಕಾಯಿಸಿ ಅಳೆದೆ: ಐಡಲ್‌ನಲ್ಲಿ 15 ಪಿಎಸ್‌ಐ ಆಸುಪಾಸು, 3,000 ಆರ್‌ಪಿಎಂನಲ್ಲಿ 45ರ ಮೇಲೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಅನ್ನೋ ಹಳೆ ಮೇಸ್ತ್ರಿಗಳ ಲೆಕ್ಕಕ್ಕೆ ಧಾರಾಳವಾಗಿ ಸಾಕು. ತಣ್ಣಗಿದ್ದಾಗ ಅಳೆದ ಅಂಕಿಯನ್ನ ಯಾರಾದ್ರೂ ತೋರಿಸಿದರೆ ಕಿವಿಗೇ ಹಾಕಿಕೊಳ್ಳಬೇಡಿ.

ಇನ್ನು ಫಿಲ್ಟರ್. ಗ್ಯಾರೇಜಿನವರು ಡ್ರೈನ್ ಬೋಲ್ಟಿಗೆ ಮ್ಯಾಗ್ನೆಟ್ ಹಿಡಿದು 'ಏನೂ ಇಲ್ಲ' ಅಂತಲೋ 'ಎಲ್ಲ ಹೋಯ್ತು' ಅಂತಲೋ ಹೇಳ್ತಾರೆ. ಬೇರಿಂಗ್ ಮೇಲ್ಪದರ ಅಲ್ಯುಮಿನಿಯಂ, ತವರ, ತಾಮ್ರದ್ದು. ಮ್ಯಾಗ್ನೆಟ್ಟಿಗೆ ಅದು ಹತ್ತೋದೇ ಇಲ್ಲ. ಅದು ಸಿಗೋದು ಫಿಲ್ಟರಿನ ಕಾಗದದ ಮಡಿಕೆಯಲ್ಲಿ. ಡಬ್ಬಿಯನ್ನ ಆಕ್ಸಾ ಬ್ಲೇಡಿನಲ್ಲಿ ಕೊಯ್ದರೆ ಬ್ಲೇಡಿನ ಪುಡಿಯೇ ಒಳಗೆ ಬಿದ್ದು ಪರೀಕ್ಷೆ ಕೆಡುತ್ತೆ. ಪುಡಿ ಬೀಳದ ಹಾಗೆ ಬಿಚ್ಚೋಕೆ ನಾನೇ ಒಂದು ದಾರಿ ಮಾಡ್ಕೊಂಡಿದ್ದೀನಿ, ಅದನ್ನ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಕೊಳ್ತೀನಿ. ಕಾಗದ ಬಿಡಿಸಿ, ಪೆಟ್ರೋಲಿನಲ್ಲಿ ಜಾಲಿಸಿ, ಬಿಳಿ ತಟ್ಟೆಗೆ ಬಸಿದು, ಬಿಸಿಲಲ್ಲಿ ತಟ್ಟೆ ಓರೆ ಮಾಡಿ ನೋಡಬೇಕು.

ಒಂದು ಫಿಲ್ಟರ್ ನೋಡಿ ತೀರ್ಪು ಕೊಡಬಾರದು ಅನ್ನೋದೇ ನನ್ನ ವಾದ. ಘಟನೆಯ ದಿನದ ಫಿಲ್ಟರಿನಲ್ಲಿ ಬೆಳ್ಳಿ ಮಿನುಗು ಚೆನ್ನಾಗೇ ಇತ್ತು, ಮಾವನವರು ನೋಡಿ ತಲೆ ಮೇಲೆ ಕೈಯಿಟ್ಟರು. ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಇನ್ನೊಂದು ಕೊಯ್ದೆ, ಅರ್ಧಕ್ಕಿಂತ ಕಡಿಮೆ. ಐನೂರು ಓಡಿಸಿ ಮತ್ತೊಂದು, ಹುಡುಕಿದರೆ ನಾಲ್ಕೈದು ಚುಕ್ಕಿ. ಸವೆತ ನಿಂತಿದೆ ಅಂತ ಹೇಳೋಕೆ ಈ ಇಳಿಮುಖ ಬೇಕು. ಅದೇ ಏರುಮುಖವಾಗಿದ್ದರೆ, ಇಲ್ಲ ತಾಮ್ರದ ಬಣ್ಣ ಕಂಡಿದ್ದರೆ ನಾನೇ ಎಂಜಿನ್ ಇಳಿಸಿ ಅಂತಿದ್ದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕಾಫಿ ಫಿಲ್ಟರ್ ಕಾಗದದ ಮೇಲೆ ಆಯಿಲ್ ಹನಿ ಬಿಟ್ಟು ಉಂಗುರ ನೋಡೋದು. ಮಸಿ ಎಷ್ಟು ಅಂತ ತಿಳಿಯಿತೇ ಹೊರತು ಲೋಹದ ಬಗ್ಗೆ ಏನೂ ತಿಳಿಯಲಿಲ್ಲ. ಸೀಮೆಎಣ್ಣೆ ಹಾಕಿ ಎಂಜಿನ್ ತೊಳೆಯೋದನ್ನ ನಾನು ಮಾಡಲ್ಲ, ಪೆಟ್ಟು ಬಿದ್ದ ಬೇರಿಂಗ್ ಇರುವಾಗಂತೂ ಖಂಡಿತ ಮಾಡಬೇಡಿ.

ಗೇಜು, ಮೀಟರು, ಅಡಾಪ್ಟರು, ಹೆಚ್ಚುವರಿ ಆಯಿಲ್, ಫಿಲ್ಟರ್ ಎಲ್ಲ ಸೇರಿ 8 ಸಾವಿರದ ಹತ್ತಿರ ಬಂತು, ಅದರಲ್ಲಿ ಅರ್ಧ ಸಾಮಾನು ನನ್ನ ಬಳಿಯೇ ಉಳೀತು. ಬಸಿದ ಆಯಿಲನ್ನ ಕ್ಯಾನಿಗೆ ತುಂಬಿ, ಮಾಲಿನ್ಯ ಮಂಡಳಿಯ ಅನುಮತಿ ಇರೋ ಮರುಬಳಕೆಯವರಿಗೆ ಕೊಡೋ ಸರ್ವಿಸ್ ಸ್ಟೇಷನ್ನಿಗೇ ಒಪ್ಪಿಸಿದೆ. ನಮ್ಮ ಕಡೆ ಮೋರಿಗೆ ಸುರಿದದ್ದು ನೇರ ವೃಷಭಾವತಿ ನದಿಗೆ ಹೋಗುತ್ತೆ.

ಮುಂದಿನ ಫಿಲ್ಟರ್ ಕೊಯ್ಯೋದು 5,000 ಕಿಲೋಮೀಟರಿಗೆ. ಅಲ್ಲಿವರೆಗೂ ಪ್ರೆಷರ್ ಮೀಟರ್ ಡ್ಯಾಶ್‌ಬೋರ್ಡ್ ಕೆಳಗೆ ಕಾಯಂ ಕೂತಿರುತ್ತೆ.