ಸ್ಟೇಷನರಿ: ‘ಎ’ ಬರೆಯಬೇಕೋ ‘ಇ’ ಬರೆಯಬೇಕೋ?

ಇಂಗ್ಲಿಷಿನ stationary, stationery: ಉಚ್ಚಾರ ಒಂದೇ, ಕಾಗುಣಿತ ಎರಡು. ವ್ಯತ್ಯಾಸವಿರುವುದು ಕೊನೆಯ ಆರ್‌, ವೈಗಳ ಹಿಂದಿನ ಅಕ್ಷರದಲ್ಲಿ. ಅಲ್ಲಿ ‘ಎ’ ಇದ್ದರೆ ಅರ್ಥ ‘ನಿಂತಲ್ಲೇ ನಿಂತಿರುವ’. ‘ಇ’ ಇದ್ದರೆ ಪೆನ್ನು, ಕಾಗದ, ಲಕೋಟೆ.

ಬರೆಯುವ ಮೊದಲು ಆ ಜಾಗದಲ್ಲಿ ‘ಚಲಿಸದ’ ಎಂದು ಹಾಕಿ ನೋಡಿ. ‘ಚಲಿಸದ ಲಾರಿ’ ಸರಿ, ಹಾಗಾಗಿ ‘ಎ’. ‘ಚಲಿಸದ ಅಂಗಡಿ’ ಅಂದರೆ ನಗು ಬರುತ್ತದೆ, ಹಾಗಾಗಿ ‘ಇ’. ನೆನಪಿಗೆ: ಎನ್ವಲಪ್‌ (envelope) ಶುರುವಾಗುವುದೂ ‘ಇ’ಯಿಂದಲೇ. ಸ್ಪೆಲ್‌ಚೆಕ್‌ ನಂಬಬೇಡಿ, ಎರಡೂ ನಿಜವಾದ ಪದಗಳಾದ್ದರಿಂದ ಅದು ಎಷ್ಟೋ ಸಲ ಸುಮ್ಮನಿರುತ್ತದೆ.

ತಮಾಷೆಯೆಂದರೆ ಎರಡರ ಬೇರೂ ಒಂದೇ: ‘ನಿಲ್ಲು’ ಎಂಬರ್ಥದ ಲ್ಯಾಟಿನ್‌ ಧಾತು. ನಮ್ಮ ಸ್ಥಾನ, ಸ್ಥಿರ, ಸ್ಥಾವರಗಳ ಸಂಸ್ಕೃತ ಧಾತು ‘ಸ್ಥಾ’ ಅದರ ಬಂಧು. ಮಧ್ಯಯುಗದ ಯುರೋಪಿನಲ್ಲಿ ತಲೆಹೊರೆ ಹೊತ್ತು ಊರೂರು ತಿರುಗುವ ವ್ಯಾಪಾರಿಗಳೇ ಹೆಚ್ಚು. ಒಂದೇ ಕಡೆ ಅಂಗಡಿ ಹೂಡಿ ಪುಸ್ತಕ ಮಾರುವವನು ‘ಸ್ಟೇಷನರ್‌’ ಆದ. ಲಂಡನ್ನಿನ ಸ್ಟೇಷನರ್‌ಗಳ ಸಂಘ ಹುಟ್ಟಿದ್ದು 1403ರಲ್ಲಿ, ರಾಜಸನ್ನದು ಸಿಕ್ಕಿದ್ದು 1557ರಲ್ಲಿ. ಸ್ಟೇಷನರ್‌ ಪದದಲ್ಲಿ ‘ಇ’ ಇದೆ, ಅವನ ಸರಕಿಗೂ ಅದೇ ಬಂತು.

ಬೋರ್ಡು ಬರೆಸುವವರಿಗೆ ಒಂದು ಮಾತು: ಸರಕಿನ ಹೆಸರಿಗೆ ಬಹುವಚನವಿಲ್ಲ, ‘ಸ್ಟೇಷನರೀಸ್‌’ ತಪ್ಪು. ‘ಸ್ಟೇಷನರ್ಸ್‌’ ಸರಿ, ಅದು ಮಾರುವವರ ಹೆಸರು. ಪಿಯು ಭೌತಶಾಸ್ತ್ರದ ‘ಸ್ಟೇಷನರಿ ವೇವ್‌’ಗೆ ಮಾತ್ರ ಯಾವಾಗಲೂ ‘ಎ’.