ಗಾಲಿಕುರ್ಚಿಯಲ್ಲಿ ಕೂತವರಿಗೆ ಕುಪ್ಯ, ಕೊಡವ ಸೀರೆ: ನನ್ನ ಅನುಭವ

ಕೊಡವ ಗಂಡಸರ ಮಂಡಿಯುದ್ದದ ನಿಲುವಂಗಿ ಕುಪ್ಯ, ಅದರ ಮೇಲೆ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ ಚೇಲೆ ಇವುಗಳನ್ನಾಗಲಿ, ಕೊಡವ ಹೆಂಗಸರ ಹಿಂದೆ ನೆರಿಗೆ ಬರುವ ಸೀರೆಯನ್ನಾಗಲಿ ಕೂತೇ ಇರುವವರಿಗೆ ಹೊಂದಿಸಲು ಆಗುವುದಿಲ್ಲ, ಆಸ್ಪತ್ರೆಯ ಗೌನ್ ಥರ ಕಾಣುತ್ತದೆ ಎಂದು ನಮ್ಮ ಹೊಲಿಗೆ ಕಸುಬಿನವರೇ ಹೇಳುತ್ತಿದ್ದರು. ಕಳೆದ ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಎರಡೂ ಸಿದ್ಧವಾದವು. ಎದುರಿನಿಂದ ನೋಡಿದವರಿಗೆ ಮಾಮೂಲಿ ಉಡುಪಿಗೂ ಇದಕ್ಕೂ ವ್ಯತ್ಯಾಸ ಸಿಗುವುದಿಲ್ಲ.

ಅಳತೆಯನ್ನು ಕೂರಿಸಿಯೇ ತೆಗೆಯಿರಿ. ಕುಪ್ಯದ ಮುಂಭಾಗ ಕುತ್ತಿಗೆಯಿಂದ ತೊಡೆಯ ಮೇಲೆ ಹಾದು ಮಂಡಿ ದಾಟಬೇಕು; ಹಿಂಭಾಗ ಕುರ್ಚಿಯ ಸೀಟಿಗೆ ಎರಡು ಇಂಚು ಮೇಲೆಯೇ ನಿಲ್ಲಬೇಕು. ಅಡಿಯಲ್ಲಿ ಒಂದು ಹೊಲಿಗೆಯ ಗಂಟೂ ಇರಬಾರದು. ಸ್ಪರ್ಶ ಕಡಿಮೆ ಇರುವವರಿಗೆ ಒತ್ತುವುದು ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹುಣ್ಣು ಎದ್ದಿರುತ್ತದೆ. ಹಿಂಭಾಗವನ್ನು ನಡುವೆ ಸೀಳಿ ಎರಡು ಹೋಳು ಮಾಡಿ, ಒಂದರ ಮೇಲೊಂದು ಎಂಟು ಇಂಚು ಬರುವಂತೆ ಇಡುತ್ತೇನೆ. ಆರು ಇಂಚಿಗೆ ಇಳಿಸಿದರೆ ಬಾಗಿದಾಗ ಬೆನ್ನು ಕಾಣುತ್ತದೆ. ಮುಂದಿನ ಮಡಿಕೆ ಬಿಚ್ಚುವುದೇ ಇಲ್ಲ, ಹೊಲಿದುಬಿಡುವುದು. ಏಪ್ರನ್ ಹಾಕಿದಂತೆ ಮುಂದಿನಿಂದ ತೊಡಿಸಿ, ಹೋಳುಗಳನ್ನು ಭುಜದ ಮೇಲ್ಗಡೆ ಟಿಚ್ ಬಟನ್ ಒತ್ತಿ ಕೂರಿಸಬೇಕು. ಬೆನ್ನಿನ ಕಡೆ ಬಟನ್ ಬೇಡವೇ ಬೇಡ.

ನಿಜವಾದ ತಾಪತ್ರಯ ಕುಪ್ಯದ್ದಲ್ಲ, ಒಳಗಿನ ಉದ್ದ ತೋಳಿನ ಬಿಳಿ ಶರ್ಟಿನದು. ಪಾರ್ಶ್ವವಾಯು ಹೊಡೆದ ಕೈಯನ್ನು ಎರಡೆರಡು ತೋಳಿನೊಳಗೆ ತೂರಿಸುವುದು ಹಿಂಸೆ. ಅದಕ್ಕೆ ಶರ್ಟಿನ ಕಾಲರ್, ಎದೆಯ ಭಾಗ, ಮೊಣಕೈ ಕೆಳಗಿನ ತೋಳು ಇಷ್ಟನ್ನೇ ಕುಪ್ಯದ ಒಳಗೆ ಜೋಡಿಸಿ ಒಂದೇ ಉಡುಪು ಮಾಡಿದೆ. ಸ್ವಾಧೀನ ಇಲ್ಲದ ಕೈಯ ತೋಳು ಎರಡು ಇಂಚು ಅಗಲ ಹೆಚ್ಚು, ಮಣಿಕಟ್ಟಿನಿಂದ ಮೊಣಕೈವರೆಗೆ ತೆರೆಯುವಂತೆ.

ಚೇಲೆಯನ್ನು ಸುತ್ತುವ ಬದಲು ನೆರಿಗೆ ಹಿಡಿದು ಹತ್ತಿಯ ಬೆಲ್ಟಿಗೆ ಕೈಹೊಲಿಗೆ ಹಾಕಿದೆ, ಎಡಪಕ್ಕೆಯಲ್ಲಿ ಹುಕ್ಕು. ಚೇಲೆಗೆ ಸಿಕ್ಕಿಸುವ ಚಿಕ್ಕ ಕಠಾರಿ ಪೀಚೆಕತ್ತಿಯನ್ನು ನೇರ ಇಟ್ಟರೆ ಕೂತಾಗ ತುದಿ ತೊಡೆಗೆ ಒತ್ತುತ್ತದೆ. ಒರೆ ಓರೆಯಾಗಿಯೇ ನಿಲ್ಲುವಂತೆ ಬೆಲ್ಟಿನ ಒಳಗೊಂದು ಕುಣಿಕೆ ಇಡಿ.

ಸೀರೆಗೆ ಹೆಚ್ಚು ಕಾಲ ಹಿಡಿಯಿತು. ಹಿಂದಿನ ನೆರಿಗೆ ಸೊಂಟದ ಮೂಳೆಗೆ ಒತ್ತುತ್ತದೆ, ಮೇಲಾಗಿ ರೇಷ್ಮೆ ಜಾರಿ ಕೂತವರು ಮುಂದಕ್ಕೆ ಸರಿಯುತ್ತಾರೆ. ನೆರಿಗೆ ತೆಳ್ಳಗೆ ಮಾಡಿದರೂ ಅಷ್ಟೇ, ಕೆಳಗೆ ಸ್ಪಂಜು ಇಟ್ಟರೂ ಅಷ್ಟೇ. ಕೊನೆಗೆ ಸೀಟಿನ ಮೇಲೆ ರೇಷ್ಮೆಯೇ ಬೇಡ ಎಂದು ತೀರ್ಮಾನಿಸಿದೆ. ಒಳಗೆ ಹಿಂದೆ ತೆರೆದ ಹತ್ತಿ ಲಂಗ. ಐದೂವರೆ ಮೀಟರ್ ಸೀರೆಯಲ್ಲಿ ಮಡಿಲಿಗೆ ಸುಮಾರು ಒಂದು ಮೀಟರ್, ಬೆನ್ನಿಗೆ ಮತ್ತು ಸೆರಗಿಗೆ ಎರಡು, ಉಳಿದದ್ದು ಐದೈದು ನೆರಿಗೆಯ ಎರಡು ಕಟ್ಟಾಗಿ ಎರಡು ಪಕ್ಕೆಗೆ. ಎಲ್ಲವೂ ನಾಲ್ಕಿಂಚಿನ ಬೆಲ್ಟಿಗೆ ಕಚ್ಚಾ ಹೊಲಿಗೆಯಲ್ಲಿ. ಕತ್ತರಿ ತಾಗಿಸುವುದಿಲ್ಲ, ಏಕೆಂದರೆ ನಾಳೆ ಮಗಳು ಬಿಚ್ಚಿ ಉಡಬೇಕು.

ಪಕ್ಕದ ನೆರಿಗೆಯನ್ನು ಹಾಗೇ ಬಿಟ್ಟರೆ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ನೆರಿಗೆಯ ಬಾಯಿ ಮುಂದಕ್ಕೆ ತಿರುಗಿಸಿ, ಮಂಡಿಯ ಮಟ್ಟದಲ್ಲಿ ಇನ್ನೊಂದು ಹೊಲಿಗೆ ಹಾಕಿ, ಅಂಚನ್ನು ಪಾದದ ಹಲಗೆಗಿಂತ ಮೂರು ಇಂಚು ಮೇಲೆ ನಿಲ್ಲಿಸಿ. ಸೆರಗು ಎಡಗಂಕುಳ ಕೆಳಗಿಂದ ಬಂದು ಬಲಭುಜ ಸೇರುವಲ್ಲಿ ಬ್ರೋಚ್ ಬರೀ ಅಲಂಕಾರಕ್ಕೆ, ಹಿಡಿಯುವುದು ಅಡಿಯ ಟಿಚ್ ಬಟನ್. ಬೆನ್ನ ಹಿಂದೆ ಹೋಗುವ ಒಂಟಿ ಪದರ ಸುಕ್ಕಾಗದೆ ನಿಲ್ಲುವುದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ವೆಲ್ಕ್ರೊ ಹಬ್ಬದ ಬಟ್ಟೆಗೆ ಆಗದು: ಮುಳ್ಳಿನ ಕಡೆ ಜರಿಯನ್ನು ಎಳೆದು ಹಾಳುಮಾಡುತ್ತದೆ. ದಿನಬಳಕೆಯ ಪೈಜಾಮಕ್ಕೆ ಸರಿ, ಆದರೆ ಮುಚ್ಚಿಯೇ ಒಗೆಯಬೇಕು, ಇಲ್ಲದಿದ್ದರೆ ನೂಲು ತುಂಬಿ ಹಿಡಿತ ಹೋಗುತ್ತದೆ. ಆಯಸ್ಕಾಂತದ ಬಟನ್ ಹಾಕಲು ತುಂಬ ಸುಲಭ, ಬೆರಳು ಬಾಗದವರಿಗೆ ವರವೇ ಸರಿ. ಆದರೆ ಪೇಸ್‌ಮೇಕರ್ ಇದ್ದವರಿಗೆ ಎದೆಯ ಹತ್ತಿರ ಅದು ಅಪಾಯ, ಕೇಳದೆ ಹಾಕಬೇಡಿ. ನಮ್ಮ ಮಳೆಗಾಲದಲ್ಲಿ ಮೇಲಿನ ಲೇಪ ಎಲ್ಲಾದರೂ ಸಿಪ್ಪೆ ಎದ್ದರೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಬೀಳುತ್ತದೆ.

ಈ ನಡುವೆ ಕೊಡೆ ಬಟ್ಟೆಯಲ್ಲಿ ಮಡಿಲು ಮುಚ್ಚುವ ಮಳೆ ಹೊದಿಕೆಯನ್ನೂ ಮಾಡಿ ನೋಡಿದೆ. ನೀರು ನಿಂತಿತು, ಆದರೆ ಒಳಗೆ ಬೆವರು. ಎರಡು ಪಕ್ಕೆಗೆ ಬಲೆ ಬಟ್ಟೆಯ ಕಿಂಡಿ ಇಟ್ಟ ಮೇಲೆ ವಾಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಇನ್ನೂ ಹಾಕಿ ನೋಡಬೇಕು.

ಖರ್ಚು: ಕುಪ್ಯಕ್ಕೆ ಮುಕ್ಕಾಲು ಮೀಟರ್ ಬಟ್ಟೆ ಹೆಚ್ಚು, ಕೂಲಿ ಸೇರಿ ಮಾಮೂಲಿಗಿಂತ ಸುಮಾರು 1,200 ರೂಪಾಯಿ ಮೇಲೆ. ಸೀರೆಗೆ ಬೆಲ್ಟ್, ಲಂಗ, ಬಟನ್ ಎಲ್ಲ 500ರ ಒಳಗೆ. ಕೈಕೆಲಸವೇ ಎರಡು ದಿನ. 1,500ಕ್ಕಿಂತ ಕಡಿಮೆಗೆ ಒಪ್ಪಿದರೆ ಕೈಗೆ ಏನೂ ಉಳಿಯದು. ಮದುವೆಯ ಬಿಳಿ ಕುಪ್ಯ ಒಪ್ಪಿಕೊಂಡರೆ ಒಳಗೆ ತೆಳು ಹತ್ತಿಯ ಪದರ ಕಡ್ಡಾಯ. ಇಲ್ಲದಿದ್ದರೆ ಸೀಳಿದ ಹೋಳಿನ ಅಂಚು ಹೊರಗಿನಿಂದ ಗೆರೆಯಾಗಿ ಕಾಣುತ್ತದೆ.