ಒಂದು ಪುಟ್ಟ ಗಾಡಿ, ಎರಡು ಸೆಟ್ ಚಕ್ರ: ಮರಳಿಗೂ ಬಂಡೆಗೂ ಗಾಡಿ ಆರಿಸಿದ ನನ್ನ ಅನುಭವ

ಹೋದ ಚಳಿಗಾಲ ಅಬುಧಾಬಿಯ ಲಿವಾ ಮರಳುಗಾಡಲ್ಲಿ ಎರಡು ದಿನ ಆರು ನಿಸಾನ್ ಪ್ಯಾಟ್ರೋಲ್, ಎರಡು ಟೊಯೋಟಾ ಲ್ಯಾಂಡ್ ಕ್ರೂಸರ್ ಜೊತೆ ನನ್ನ ಪುಟ್ಟ ಸುಜುಕಿ ಜಿಮ್ನಿ ಹೋಗಿ ವಾಪಸ್ ಬಂತು, ಹಗ್ಗ ಹಾಕಿ ಎಳೆಸ್ಕೊಂಡಿದ್ದು ಒಂದೇ ಸಲ. ಹೊರಡೋವಾಗ ಕುಂದಾಪುರದ ದೋಸ್ತ್ ಒಬ್ಬ ಗಾಡಿ ಸುತ್ತ ಒಂದು ರೌಂಡ್ ಹಾಕಿ "ಎಂಥ ಮಾರಾಯ, ಟಿಫನ್ ಡಬ್ಬ ತಂದಿದ್ದೀಯಲ್ಲ" ಅಂದಿದ್ದ. ಎರಡನೇ ದಿನ ಸಂಜೆ ಹೊತ್ತಿಗೆ ಅವನ ಗಾಡಿನೇ ಮೂರು ಸಲ ಎಳೆದಾಗಿತ್ತು. ಎಳೆದಿದ್ದು ನಾನಲ್ಲ, ನನ್ನದಕ್ಕೆ ಅಷ್ಟು ತಾಕತ್ತಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಅವತ್ತಿಂದ ಟಿಫನ್ ಡಬ್ಬ ಅನ್ನೋ ಮಾತು ನಿಂತಿದೆ, ಬದಲಿಗೆ "ಟೈರ್ ಯಾವ್ದು, ಗಾಳಿ ಎಷ್ಟು" ಅಂತ ಫೋನ್ ಬರ್ತಿದೆ. ಒಬ್ಬೊಬ್ಬರಿಗೂ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ನಾನು ಗಾಡಿ ಕಲಿತಿದ್ದು ಸಕಲೇಶಪುರ ಕಡೆ, ತೋಟದ ಕಲ್ಲುದಾರಿಯಲ್ಲಿ, ಅಪ್ಪನ ಜಿಪ್ಸಿಯಲ್ಲಿ. ಆ ಜಿಪ್ಸಿ ಈಗ್ಲೂ ಇದೆ, ಟ್ರಾನ್ಸ್‌ಫರ್ ಕೇಸಿನ ಲೋ, ಅಂದ್ರೆ ಫೋರ್ ವೀಲ್ ಡ್ರೈವಿನ ನಿಧಾನದ ಗೇರ್, 2.268 ಇದ್ದಿದ್ದನ್ನ ಕಿತ್ತು 4.16ರ ಗೇರ್ ಸೆಟ್ ಹಾಕ್ಸಿದೀನಿ (ನಂಬರ್ ದೊಡ್ಡದಾದಷ್ಟೂ ಗಾಡಿ ನಿಧಾನ, ಎಳೆತ ಜಾಸ್ತಿ), ಫಸ್ಟ್ ಗೇರಿಗೆ ಹಾಕಿ ಕಾಲು ಎತ್ತಿದ್ರೆ ಹಲ್ಲಿ ಥರ ಬಂಡೆ ಹತ್ತತ್ತೆ. ಹಾಗಾಗಿ ಶಾರ್ಜಾಕ್ಕೆ ಬಂದ ಮೂರನೇ ವರ್ಷ ಕೈಯಲ್ಲಿ ದುಡ್ಡು ಸೇರಿದಾಗ ನನ್ನ ತಲೆಯಲ್ಲಿ ಇದ್ದಿದ್ದು ಒಂದೇ ಲೆಕ್ಕ, ಬಂಡೆ ಹತ್ತೋ ಗಾಡಿಗೆ ಮರಳು ಯಾವ ಲೆಕ್ಕ ಅಂತ. 78 ಸಾವಿರ ದಿರ್ಹಮ್ ಕೊಟ್ಟು ಸೆಕೆಂಡ್ ಹ್ಯಾಂಡ್ ರ‍್ಯಾಂಗ್ಲರ್ ರೂಬಿಕಾನ್ ತಗೊಂಡೆ, ನಾಲ್ಕು ಬಾಗಿಲಿಂದು. ಹಳೇ ಓನರ್ ಆಗ್ಲೇ ಮುಂದೆ ಹಿಂದೆ ಸ್ಟೀಲ್ ಬಂಪರ್, ಹಗ್ಗ ಸುತ್ತಿ ಗಾಡಿ ಎಳೆಯೋ ವಿಂಚ್, ಸೈಡಿಗೆ ಬಂಡೆ ತಾಗದಂತೆ ಸ್ಲೈಡರ್, ಮೇಲೆ ರೂಫ್ ರ‍್ಯಾಕ್ ಎಲ್ಲ ಹಾಕ್ಸಿದ್ದ, ಸಾಲದು ಅಂತ ನಾನು 3,600 ಕೊಟ್ಟು ದಪ್ಪ ಹಲ್ಲಿನ ಮಡ್ ಟೈರ್ ಹಾಕ್ಸಿದೆ. ನೋಡೋಕೆ ಗಾಡಿ ಅಂದ್ರೆ ಗಾಡಿ.

ಮಲೀಹಾ ಹತ್ರ ಫಾಸಿಲ್ ರಾಕ್ ಮರಳಿಗೆ ಮೊದಲ ಸಲ ಇಳಿಸಿದ ದಿನ ಹನ್ನೊಂದು ಸಲ ಹೂತ್ಕೊಂಡೆ. ಎಣಿಸಿದ್ದು ನನ್ನ ಹೆಂಡ್ತಿ. ಎಕ್ಸಿಲರೇಟರ್ ಒತ್ತಿದಷ್ಟೂ ಆ ಟೈರಿನ ಹಲ್ಲುಗಳು ಜೆಸಿಬಿ ಬಕೆಟ್ ಥರ ಮರಳು ಅಗೆದು ಹಿಂದಕ್ಕೆ ಎಸೀತಾವೆ, ಗಾಡಿ ಇದ್ದಲ್ಲೇ ಕೆಳಗಿಳಿಯತ್ತೆ, ಆಕ್ಸಲ್ ಮರಳ ಮೇಲೆ ಕೂತ್ಮೇಲೆ ಸಲಿಕೆನೇ ಗತಿ. ವಿಂಚ್ ಇದೆಯಲ್ಲ ಅಂತೀರಾ, ಕಟ್ಟೋಕೆ ಅಲ್ಲಿ ಮರ ಎಲ್ಲಿದೆ, ಬಂಡೆ ಎಲ್ಲಿದೆ? ಇದು ಗಾಡಿ ತಪ್ಪಲ್ಲ. ಮಾಮೂಲಿ ಟೈರಲ್ಲಿ, ಕಬ್ಬಿಣ ಹೇರದೆ ಇರೋ ರ‍್ಯಾಂಗ್ಲರ್‌ಗಳು ಅಲ್ಲೇ ನನ್ನ ಪಕ್ಕದಲ್ಲೇ ಆರಾಮಾಗಿ ಓಡ್ತಿದ್ವು. ನಾನು ಬಂಡೆಗೆ ಅಂತ ಸಿಂಗಾರ ಮಾಡಿದ ಮದುಮಗಳನ್ನ ಗದ್ದೆ ನಾಟಿಗೆ ಇಳಿಸಿದ್ದೆ, ಅಷ್ಟೇ.

ಅದೇ ಗಾಡಿ ಹತ್ತಾ ಊರಿನ ಕಡೆ ವಾದಿಗೆ, ಅಂದ್ರೆ ಬಂಡೆ ತುಂಬಿದ ಒಣ ಹಳ್ಳಕ್ಕೆ, ಹೋದಾಗ ರಾಜ. 4:1 ಲೋ ಇದೆ, ಎರಡೂ ಆಕ್ಸಲ್ಲಿಗೆ ಲಾಕರ್ (ಎಡ ಬಲ ಚಕ್ರ ಒಟ್ಟಿಗೇ ಸುತ್ತೋ ಹಾಗೆ ಮಾಡೋದು) ಇದೆ, ಸ್ವೇ ಬಾರ್ (ಗಾಡಿ ವಾಲದಂತೆ ಹಿಡಿಯೋ ಸಲಾಕೆ) ಬಟನ್ ಒತ್ತಿ ಬಿಚ್ಬೋದು. ಮ್ಯಾನುಯಲ್ ಜೆಕೆ ಮಾಡೆಲ್ ರೂಬಿಕಾನಿಗೆ ಕ್ರಾಲ್ ರೇಶಿಯೋ, ಅಂದ್ರೆ ಫಸ್ಟ್ ಗೇರ್, ಲೋ, ಆಕ್ಸಲ್ ಮೂರರ ಗೇರ್ ಗುಣಿಸಿದ್ರೆ ಬರೋ ನಂಬರ್, 73 ಚಿಲ್ರೆ, ಬಂಡೆಗೆ ಅದಕ್ಕಿಂತ ಬೇರೆ ವರ ಬೇಡ. ಆದ್ರೆ ನಾನು ವರ್ಷದಲ್ಲಿ ನಲವತ್ತು ಸಲ ಮರಳಿಗೆ ಹೋಗೋನು, ವಾದಿಗೆ ಆರೇಳು ಸಲ. ಒಂದೂವರೆ ವರ್ಷ ಒದ್ದಾಡಿ 61ಕ್ಕೆ ಮಾರಿದೆ. ಟೈರು, ಸರ್ವಿಸು ಎಲ್ಲ ಸೇರಿ 25 ಸಾವಿರ ದಿರ್ಹಮ್ ಹೋಯ್ತು ಅಂತ ಹಿಡ್ಕೊಳಿ, ನಮ್ಮ ದುಡ್ಡಲ್ಲಿ ಐದೂವರೆ ಲಕ್ಷದ ಮೇಲೆ. ಊರಲ್ಲಿ ಅಪ್ಪನಿಗೆ ಇದನ್ನ ಇನ್ನೂ ಹೇಳಿಲ್ಲ.

ಎಲ್ಲರ ಸಲಹೆ ಏನಿತ್ತು ಅಂದ್ರೆ ಪ್ಯಾಟ್ರೋಲ್ ತಗೋ. ಹಳೇ ವೈ61 ಮಾಡೆಲ್, 4.8 ಲೀಟರ್ ಆರು ಸಿಲಿಂಡರ್, ಮರಳಿಗೆ ಹೇಳಿ ಮಾಡ್ಸಿದ್ದು, ನಾನೂ ಒಪ್ತೀನಿ. ಹೆಸರು ಪ್ಯಾಟ್ರೋಲ್, ಕುಡಿಯೋದು ಪೆಟ್ರೋಲ್, ಅದೊಂದೇ ತಕರಾರು. ತಗೊಳೋ ಮುಂಚೆ ನೋಡೋಣ ಅಂತ ದೋಸ್ತ್ ಒಬ್ಬನ ಸೂಪರ್ ಸಫಾರಿ (ಅದೂ ಪ್ಯಾಟ್ರೋಲೇ) ಇಸ್ಕೊಂಡು ಎರಡು ವಾರ ಓಡಿಸಿದೆ. ಮರಳಲ್ಲಿ ಸ್ವರ್ಗ. ಮೂರನೇ ವಾರ ದುರಾಸೆ ಬಂದು ಅದನ್ನೇ ವಾದಿ ಶೌಕಾಗೆ ತಗೊಂಡು ಹೋದೆ. ವೀಲ್‌ಬೇಸ್ ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ ಸುಮಾರು ಮೂರು ಮೀಟರ್, ಮುಂದಿನ ಚಕ್ರ ಬಂಡೆ ಇಳಿದ ಕೂಡ್ಲೆ ಹೊಟ್ಟೆ ಕರ್ ಅಂತ ಕೂತ್ಕೊಳ್ತು, ಹೇಗೋ ಹಿಂದೆ ತಗೊಂಡ್ರೆ ಹಿಂದಿನ ಬಂಪರ್ ಇನ್ನೊಂದು ಬಂಡೆಗೆ ಸಿಕ್ಕಿ ಮಡಚಿ ಹೋಯ್ತು. 2,300 ದಿರ್ಹಮ್ ಕೈಬಿಟ್ಟಿತು, ದೋಸ್ತಿ ಉಳೀತು.

ಆ ರಾತ್ರಿ ಕೂತು ಒಂದು ಹಾಳೆ ಮೇಲೆ ಬರ್ದೆ. ಮರಳಲ್ಲಿ ಬೇಕಾಗಿರೋದು ಏನು? ತೇಲಬೇಕು, ಓಟ ನಿಲ್ಲಬಾರದು. ಬಂಡೆಗೆ ಏನು ಬೇಕು? ನಿಧಾನ ಬೇಕು, ನಾಲ್ಕು ಚಕ್ರ ನೆಲ ಬಿಡಬಾರದು, ಹೊಟ್ಟೆ ತಾಗಬಾರದು. ಎಲ್ಲರೂ ತೇಲೋಕೆ ಹಾರ್ಸ್‌ಪವರ್ ಹುಡುಕ್ತಾರೆ. ಎರಡೂವರೆ ಟನ್ನಿಗೆ ಹಾರ್ಸ್‌ಪವರ್ ಬೇಕೇ ಬೇಕು. ಒಂದು ಟನ್ನಿಗೆ? ಊರಿನ ಜಿಪ್ಸಿ ಒಂದು ಟನ್ನಿಗೂ ಕಮ್ಮಿ, ಮಳೆಗಾಲದ ಕೆಸರಲ್ಲಿ ಅದು ತೇಲೋದು ನೋಡಿ ಬೆಳೆದೋನಿಗೆ ಇದು ಹೊಳೆಯೋಕೆ ಅಷ್ಟು ದುಡ್ಡು ಸುಡಬೇಕಾಯ್ತು.

ಜಿಮ್ನಿ, ಮೂರು ಬಾಗಿಲಿಂದು, ಮ್ಯಾನುಯಲ್. ಹುಡುಕೋಕೆ ನಾಲ್ಕು ತಿಂಗಳಾಯ್ತು, 57 ಸಾವಿರ ಚಿಲ್ರೆ. ಒಂದೂವರೆ ಲೀಟರ್ ಇಂಜಿನ್, 102 ಹಾರ್ಸ್‌ಪವರ್, ವೀಲ್‌ಬೇಸ್ 2.25 ಮೀಟರ್, ಎರಡೂ ಕಡೆ ಸಾಲಿಡ್ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ನಮ್ಮ ಕಾನ್ವಾಯ್ ಲೀಡ್ ಮಾಡೋ ಪುತ್ತೂರಿನ ಅಣ್ಣ ಕಂಡಿಶನ್ ಹಾಕಿದ್ರು, "ಬಾ, ಆದ್ರೆ ಕೊನೇಲಿ ಬಾ, ನಿನ್ನಿಂದ ಎಲ್ರೂ ಕಾಯೋ ಹಾಗಾಗ್ಬಾರದು." ಇದೇ ಮೊದಲ ತಪ್ಪು, ಗೊತ್ತಾಗೋಕೆ ಮೂರು ಟ್ರಿಪ್ ಬೇಕಾಯ್ತು. ದೊಡ್ಡ ಗಾಡಿಗಳು ಹೋದ ಮೇಲೆ ಮರಳೆಲ್ಲ ಉತ್ತ ಹೊಲ, ಜೊತೆಗೆ ಅವುಗಳ ಚಕ್ರದ ಅಗಲ ಬೇರೆ, ನನ್ನದರ ಅಗಲ ಬೇರೆ. ಎಡಗಡೆ ಚಕ್ರ ಅವರ ಗಾಡಿಜಾಡಿನ ಒಳಗೆ ಇಳಿದ್ರೆ ಬಲಗಡೆದು ದಿಬ್ಬದ ಮೇಲೆ, ಗಾಡಿ ಓರೆಯಾಗಿ ಎಳೀತಾ ಇರತ್ತೆ, ಇರೋ ಚೂರು ಓಟನೂ ಅಲ್ಲೇ ಸಾಯತ್ತೆ. ಅಣ್ಣನ ಕಾಲು ಹಿಡಿದು ಎರಡನೇ ನಂಬರಿಗೆ ಬಂದೆ, ಅವರ ಜಾಡಿಂದ ಒಂದು ಗಾಡಿಯಷ್ಟು ಪಕ್ಕಕ್ಕೆ, ಮುಟ್ಟದ ಮರಳಲ್ಲಿ. ಅರ್ಧ ಸಮಸ್ಯೆ ಅವತ್ತೇ ಹೋಯ್ತು.

ಗಾಳಿ ವಿಷಯ. ಪ್ಯಾಟ್ರೋಲಿನವರು 12ರಿಂದ 15 ಪಿಎಸ್ಐ ಇಡ್ತಾರೆ. ನಾನೂ ಮೊದಲು 15 ಇಟ್ಟೆ, ಏನೂ ಉಪಯೋಗ ಇಲ್ಲ, ಹಗುರ ಗಾಡಿಗೆ 15 ಅಂದ್ರೆ ಟೈರ್ ಚಪ್ಪಟೆನೇ ಆಗಲ್ಲ. ಬಿಲ್ಡಿಂಗ್ ಪಾರ್ಕಿಂಗಲ್ಲಿ ಒಂದು ಪ್ರಯೋಗ ಮಾಡಿದೆ, ಟೈರಿಗೆ ಸುಣ್ಣದ ನೀರು ಹಚ್ಚಿ, ಜ್ಯಾಕ್ ಮೇಲಿಂದ ರಟ್ಟಿನ ಮೇಲೆ ಇಳಿಸಿ ಅಚ್ಚು ತೆಗೆದೆ, 26ರಲ್ಲಿ, 15ರಲ್ಲಿ, 10ರಲ್ಲಿ. ವಾಚ್‌ಮನ್ ಚಾಚಾ ಇದೇನು ಪೂಜೆನಾ ಅಂತ ಕೇಳ್ದ. ಅಗಲ ಹೆಚ್ಚುಕಮ್ಮಿ ಅಷ್ಟೇ ಇತ್ತು, ಬೆಳೆದಿದ್ದು ಉದ್ದ. ಒಂದು ಗೇಣಿಗೂ ಕಮ್ಮಿ ಇದ್ದ ಅಚ್ಚು 10ಕ್ಕೆ ಬಂದಾಗ ಒಂದೂವರೆ ಪಟ್ಟು ಉದ್ದ ಆಗಿತ್ತು. ಅವತ್ತಿಂದ ಅಗಲ ಟೈರಿನ ಆಸೆ ಬಿಟ್ಟೆ. 215/75 ಆರ್15, ಚಪ್ಪಟೆ ಹಲ್ಲಿನ ಆಲ್ ಟೆರೇನ್, ಅದು ಸಾಕು. ಮುಂದೆ 10, ಹಿಂದೆ 9.

9 ಸರಿ ಹೋದ್ರೆ 7 ಇನ್ನೂ ಚೆನ್ನಾಗಿರತ್ತಲ್ಲ ಅನ್ನಿಸ್ತು. ಒಂದು ಬೌಲಿನ (ದಿಬ್ಬಗಳ ನಡುವಿನ ಬಟ್ಟಲಿನಂಥ ಗುಂಡಿ) ಒಳಗೆ ಸ್ಟೇರಿಂಗ್ ಜೋರಾಗಿ ತಿರುಗಿಸಿದೆ, ಟಪ್ ಅಂತ ಸದ್ದು, ಮುಂದಿನ ಎಡಗಡೆ ಟೈರ್ ರಿಮ್ ಬಿಟ್ಟು ಹೊರಗೆ. ಹಲಗೆ ಮೇಲೆ ಜ್ಯಾಕ್ ಇಟ್ಟು ಎತ್ತಿ, ರಿಮ್ಮಿನ ಅಂಚಲ್ಲಿ ಸೇರ್ಕೊಂಡ ಮರಳನ್ನ ಪೇಂಟ್ ಬ್ರಶ್ಶಲ್ಲಿ ಗುಡಿಸಿ, ಕುಡಿಯೋ ನೀರಲ್ಲಿ ತೊಳೆದು, ಟೈರ್ ಸುತ್ತ ರ‍್ಯಾಚೆಟ್ ಪಟ್ಟಿ ಬಿಗಿದು ಗಾಳಿ ಹೊಡೆದ್ರೆ ಮೂರನೇ ಸಲಕ್ಕೆ ಕೂತ್ಕೊಳ್ತು. ಸೆಪ್ಟೆಂಬರ್ ಬಿಸಿಲು, ಒಂದೂಮುಕ್ಕಾಲು ಗಂಟೆ. ಪೇಂಟ್ ಬ್ರಶ್ ಇಡೋದು ಮರೀಬೇಡಿ, ಬೆರಳಲ್ಲಿ ಆ ಮರಳು ಹೋಗಲ್ಲ.

ಇನ್ನೊಂದು ದಡ್ಡ ಪ್ರಯೋಗ, ಹೂತ ಚಕ್ರದ ಕೆಳಗೆ ಹಾಕೋ ಟ್ರ್ಯಾಕ್ಷನ್ ಬೋರ್ಡಿಗೆ 400 ದಿರ್ಹಮ್ ಯಾಕೆ ಅಂತ ಮನೆಯಲ್ಲಿದ್ದ ಹಳೇ ಜಮಖಾನ ಚಕ್ರದ ಕೆಳಗೆ ಹಾಕಿದೆ. ಜಮಖಾನ ಒಳಗೆ ಹೋಗಿ ಹಿಂದಿಂದ ಎರಡು ತುಂಡಾಗಿ ಹಾರ್ತು, ಗಾಡಿ ಇದ್ದಲ್ಲೇ ಇತ್ತು. ಜಮಖಾನ ಅತ್ತೆ ಮನೆಯದು ಅಂತ ಆಮೇಲೆ ಗೊತ್ತಾಯ್ತು, ಅದರ ವಿಷಯ ಇಲ್ಲಿ ಬೇಡ.

ಹಿಂದಿನ ಸೀಟ್ ಕಿತ್ತೆ, ಹೆಚ್ಚುವರಿ ಲೈಟು, ರ‍್ಯಾಕು ಏನೂ ಹಾಕ್ಲಿಲ್ಲ. ಗಾಡಿ ಎತ್ತರ ಮಾಡೋ ಎರಡಿಂಚು ಲಿಫ್ಟ್ ಹಾಕ್ಸಿದ್ದೆ, ಮುಲ್ಕಿಯಾ (ಗಾಡಿ ರಿಜಿಸ್ಟ್ರೇಶನ್) ರಿನ್ಯೂ ಮಾಡ್ಸೋವಾಗ ಪಾಸಿಂಗಲ್ಲಿ ಆಗಲ್ಲ ಅಂದ್ರು, ಪರ್ಮಿಷನ್ ಪೇಪರ್ ಮಾಡ್ಸದೆ ಹಾಕ್ಸಿದ್ದು ನನ್ನದೇ ತಪ್ಪು, ಕಿತ್ತು ಹಾಕಿದೆ, 1,900 ನೀರಲ್ಲಿ ಹೋಮ. ಕಿತ್ತಿದ್ದೇ ಒಳ್ಳೇದಾಯ್ತು, ಮರಳ ಇಳಿಜಾರಲ್ಲಿ ಅಡ್ಡ ಹೋಗೋವಾಗ ಗಾಡಿ ಎತ್ತರ ಇದ್ದಷ್ಟೂ ಎದೆ ಡವಡವ.

ಓಡಿಸೋದು ಹೇಗೆ ಅಂದ್ರೆ, ಈ ಇಂಜಿನ್ನಿಗೆ ಟಾರ್ಕ್ ಪೂರ್ತಿ ಸಿಗೋದೇ 4,000 ಆರ್‌ಪಿಎಂನಲ್ಲಿ, ಅದಕ್ಕಿಂತ ಕೆಳಗೆ ಬಿಟ್ರೆ ಸತ್ತಂಗೆ. ಜಿಮ್ನಿಯ ಲೋ ಬರೀ 2.0, ಅಷ್ಟೇನು ಲೋ ಅಲ್ಲ, ಹಾಗಾಗಿ ಮರಳಲ್ಲಿ ಪೂರ್ತಿ ನಾಲ್ಕು ಚಕ್ರದ ಲೋ, ಅಂದ್ರೆ 4ಎಲ್‌ನಲ್ಲೇ ಓಡಿಸ್ತೀನಿ, ಮೂರನೇ ಗೇರಲ್ಲಿ 4,000ಕ್ಕೆ 40 ಕಿ.ಮೀ. ಆಸುಪಾಸು ಬರತ್ತೆ, ದಿಬ್ಬ ಹತ್ತೋಕೆ ಅದೇ ಬೇಕಾದ ಜಾಗ. ಇನ್ನೊಂದು ಲಾಭ, ನಾಲ್ಕು ಚಕ್ರದ ಹೈ, ಅಂದ್ರೆ 4ಎಚ್‌ನಲ್ಲಿ ಇಎಸ್‌ಪಿ (ಗಾಡಿ ಜಾರದ ಹಾಗೆ ತಡೆಯೋ ಏರ್ಪಾಡು) ಬಟನ್ ಒತ್ತಿ ಆಫ್ ಮಾಡಿದ್ರೂ 30 ದಾಟಿದ ಕೂಡ್ಲೆ ತಾನೇ ವಾಪಸ್ ಬಂದು ಪವರ್ ಕಟ್ ಮಾಡತ್ತೆ, ರಸ್ತೆಯಲ್ಲಿ ಅದು ಜೀವ ಉಳಿಸೋದು, ದಿಬ್ಬದ ಮಧ್ಯ ಬಂದ್ರೆ ಕಥೆ ಮುಗೀತು. 4ಎಲ್‌ನಲ್ಲಿ ಆ ಕಾಟ ಇಲ್ಲ. 4ಎಚ್‌ನಲ್ಲೂ ಅದನ್ನ ಸುಮ್ಮನಿರ್ಸೋಕೆ ನನ್ನ ಹತ್ರ ಒಂದು ದಾರಿ ಇದೆ, ಇಲ್ಲಿ ಬರೆಯಲ್ಲ, ಯಾರಾದ್ರೂ ಅದನ್ನ ಹಾಗೇ ಬಿಟ್ಟು ಹೈವೇಗೆ ಹತ್ತಿದ್ರೆ ಪಾಪ ನನಗೆ.

ಲಿವಾದಲ್ಲಿ ಬೆಳಿಗ್ಗೆ ಮರಳು ತಣ್ಣಗೆ, ಇಬ್ಬನಿ ಬಿದ್ದು ಗಟ್ಟಿ, ಹಾಯಾಗಿ ಹೋದ್ವಿ. ಮಧ್ಯಾಹ್ನ ಒಂದರ ಮೇಲೆ ಅದೇ ಮರಳು ಸಕ್ಕರೆ. ಒಂದು ದೊಡ್ಡ ಬೌಲಿಂದ ಹೊರಗೆ ಬರೋಕೆ ಪ್ಯಾಟ್ರೋಲ್‌ಗಳು ನೇರವಾಗಿ ಗುಡುಗಿ ಹತ್ತಿದ್ವು, ನಾನು ಬೌಲಿನ ಗೋಡೆ ಮೇಲೆ ಬಾವಿ ಸರ್ಕಸ್ಸಿನ ಥರ ಒಂದು ಸುತ್ತು ಓಟ ತಗೊಂಡು ಮೂರನೇ ಸಲಕ್ಕೆ ಹೊರಗೆ ಬಂದೆ. ಎಳೆಸ್ಕೊಂಡಿದ್ದು ಸಬ್ಖಾ ಅನ್ನೋ ಉಪ್ಪಿನ ಬಯಲ ಹತ್ರ, ಉಪ್ಪಿನ ಹೆಪ್ಪು ಗಟ್ಟಿ ಇದೆ ಅಂದ್ಕೊಂಡು ಹೋಗಿ ಮುಂದಿನ ಚಕ್ರ ಒಳಗೆ ಹೋಯ್ತು. ಇನ್ನು ಆ 300 ಮೀಟರ್ ಎತ್ತರದ ಮೊರೀಬ್ ದಿಬ್ಬ, ಅದನ್ನ ಹತ್ತಿದೆ ಅಂತ ಯಾರಾದ್ರೂ ಜಿಮ್ನಿಯವನು ಹೇಳಿದ್ರೆ ಇಂಜಿನ್ ಯಾವ್ದು ಅಂತ ಕೇಳಿ. ನಾನು ಕೆಳಗೆ ನಿಂತು ಚಾ ಕುಡಿದೆ.

ಬಂಡೆಗೆ ಇದೇ ಗಾಡಿ, ಬೇರೆ ಚಕ್ರ. ಸ್ಕ್ರ್ಯಾಪ್ ಮಾರ್ಕೆಟ್ಟಲ್ಲಿ 1,400ಕ್ಕೆ ಐದು ರಿಮ್ ಸಿಕ್ತು, ಅದಕ್ಕೆ ಸೈಡ್‌ವಾಲ್ ಗಟ್ಟಿ ಇರೋ ಮಡ್ ಟೈರ್, 16 ಪಿಎಸ್ಐ. ಮರಳಲ್ಲಿ ಅಗೆಯೋ ಅದೇ ಹಲ್ಲು ಕಲ್ಲಿನ ಅಂಚು ಕಚ್ಚಿ ಹಿಡಿಯತ್ತೆ. ಗಿಡ್ಡ ಗಾಡಿ ಆದ್ದರಿಂದ ಹೊಟ್ಟೆ ತಾಗೋದು ಅಪರೂಪ, ಪ್ಯಾಟ್ರೋಲ್ ಕೂತ ಅದೇ ಬಂಡೆ ಮೇಲೆ ಇದು ಗೊತ್ತೇ ಆಗದ ಹಾಗೆ ದಾಟ್ತು. ಕೊರತೆ ಗೇರಿಂದು. ಫಸ್ಟ್ ಗೇರ್ ಲೋನಲ್ಲಿ ಕ್ರಾಲ್ ರೇಶಿಯೋ 36, ರೂಬಿಕಾನಿನ ಅರ್ಧ, ಕಾಲು ಎತ್ತಿದ್ರೂ ಗಂಟೆಗೆ ಮೂರು ಕಿ.ಮೀ. ಹೋಗತ್ತೆ, ಬಂಡೆಗೆ ಅದು ಜಾಸ್ತಿ. ನಿಧಾನ ಮಾಡೋಕೆ ಕ್ಲಚ್ ಮೇಲೆ ಕಾಲಿಟ್ಟು ಒಂದೇ ಸೀಸನ್ನಲ್ಲಿ ಕ್ಲಚ್ ಪ್ಲೇಟ್ ಸುಟ್ಟೆ, ಕೂಲಿ ಸೇರಿ 1,100. ಬಿಚ್ಚಿದ ಮಂಗಳೂರಿನ ಬ್ಯಾರಿ ಮೆಕ್ಯಾನಿಕ್ ಆ ಪ್ಲೇಟನ್ನ ಮೂಗಿನ ಹತ್ರ ಹಿಡಿದು "ಸುಟ್ಟ ಹಪ್ಪಳ ಭಾಯಿ" ಅಂದ. ಈಗ ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಎಕ್ಸಿಲರೇಟರ್, ಕ್ಲಚ್ ಕಡೆ ನೋಡೋದೇ ಇಲ್ಲ. ಚಕ್ರ ಗಾಳಿಯಲ್ಲಿ ಸುತ್ತಿದ ಕೂಡ್ಲೆ ಕಾಲು ಎತ್ತೋದು ನಮ್ಮೆಲ್ಲರ ಅಭ್ಯಾಸ, ಎತ್ತಬೇಡಿ, ಇದರ ಬ್ರೇಕ್ ಎಲ್‌ಎಸ್‌ಡಿ (ಸುಮ್ಮನೆ ಸುತ್ತೋ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕೊಡೋ ಏರ್ಪಾಡು) ಕೆಲಸ ಶುರು ಮಾಡೋದೇ ಚಕ್ರ ಒಂದು ಕ್ಷಣ ಸುತ್ತಿದ ಮೇಲೆ, ಅಲ್ಲೀವರೆಗೆ ಹಾಗೇ ಹಿಡಿದಿರಿ, ಟಕಟಕ ಅಂತ ಸದ್ದು ಬರತ್ತೆ, ಆಮೇಲೆ ಗಾಡಿ ತಾನೇ ಎದ್ದು ಹೋಗತ್ತೆ.

ಇಷ್ಟಾದ್ರೂ ದೊಡ್ಡ ಬಂಡೆಗೆ ಜಿಪ್ಸಿಯೇ ಸೈ. ಅದರ 4.16 ಲೆಕ್ಕ ಹಾಕಿದ್ರೆ ಕ್ರಾಲ್ ರೇಶಿಯೋ 60ರ ಹತ್ತಿರ ಬರತ್ತೆ, ಬಂಡೆ ಮಧ್ಯ ಆಫ್ ಆದ್ರೆ ಗೇರಲ್ಲೇ ಕೀ ತಿರುಗಿಸಿದ್ರೆ ಸ್ಟಾರ್ಟರ್ ಮೋಟರೇ ಗಾಡಿ ಎತ್ತಿ ಮುಂದಿಡತ್ತೆ, ಹೊಸ ಗಾಡಿಯಲ್ಲಿ ಕ್ಲಚ್ ಒತ್ತದೆ ಸ್ಟಾರ್ಟೇ ಆಗಲ್ಲ. ಹಾಗಾಗಿ ಬರೀ ಬಂಡೆಗೇ ಅಂತ ಗಾಡಿ ಹುಡುಕೋರು ನನ್ನ ಮಾತು ಕೇಳ್ಬೇಡಿ, ಗೇರು ಮತ್ತೆ ಲಾಕರ್ ನೋಡಿ ತಗೊಳಿ, ಭಾರ ಇದ್ರೂ ಪರವಾಗಿಲ್ಲ. ಮರಳಿಗೆ ಜಾಸ್ತಿ, ಬಂಡೆಗೆ ಆಗೊಮ್ಮೆ ಈಗೊಮ್ಮೆ ಅನ್ನೋರಿಗೆ, ಹಾಗೇ ಜೇಬು ನೋಡ್ಕೊಂಡು ನಡೆಯೋರಿಗೆ, ನಾನು ಮಾಡಿದ್ದು ನಡೆಯತ್ತೆ.

ಮೊನ್ನೆ ಪುತ್ತೂರಿನ ಅಣ್ಣ ಫೋನ್ ಮಾಡಿದ್ರು, ಮಗನಿಗೆ ಜಿಮ್ನಿ ನೋಡ್ತಿದಾರಂತೆ, ಹಿಂದಿನ ಟೈರಿಗೆ ಯಾಕೆ ಒಂದು ಪಿಎಸ್ಐ ಕಮ್ಮಿ ಇಡ್ತೀಯ ಅಂತ ಕೇಳಿದ್ರು. ನಮ್ಮನೆಗೆ ಊಟಕ್ಕೆ ಬನ್ನಿ ಅಣ್ಣ, ಹೇಳ್ತೀನಿ ಅಂದಿದೀನಿ.